ಎಂಡಾಕ್: ಗುರುತು ಹಾಕಿಟ್ಟ ಅರ್ಥ ಹುಡುಕಾಟಕ್ಕೆ ಒದಗಿದ ಪ್ರಕರಣ

ಯುನಿಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಂ ಆದ ಓಪನ್‌ಬಿಎಸ್‌ಡಿ ಓಡುವ ಕಂಪ್ಯೂಟರಿನ ಟರ್ಮಿನಲ್‌ನಲ್ಲಿ, ಕೈಪಿಡಿಯ ಪುಟಗಳನ್ನು ಹುಡುಕುವ ‘ಅಪ್ರೋಪೋ’ ಕಮಾಂಡ್ ಟೈಪ್ ಮಾಡಿ, ಅದರ ಮುಂದೆ ‘ಇಆರ್=ಇಎಕ್ಸ್‌ಡಿಇವಿ’ ಅಂತ ಕೊಡಿ. ಇಎಕ್ಸ್‌ಡಿಇವಿ ಅನ್ನುವ ಎರರ್ ಎಲ್ಲೆಲ್ಲಿ ಬರಬಹುದೋ ಆ ಪುಟಗಳ ಪಟ್ಟಿ ಬರುತ್ತದೆ. ಫೈಲಿನ ಹೆಸರು ಬದಲಿಸುವ ‘ರೀನೇಮ್’, ಅದೇ ಫೈಲಿಗೆ ಇನ್ನೊಂದು ಹೆಸರು ಕೊಡುವ ‘ಲಿಂಕ್’ ಅದರಲ್ಲಿ ಇರುತ್ತವೆ. ಒಂದು ಫೈಲ್ ಸಿಸ್ಟಂನಿಂದ ಇನ್ನೊಂದಕ್ಕೆ ದಾಟುವ ಕೆಲಸ ಇದರಿಂದ ಆಗುವುದಿಲ್ಲ ಅನ್ನುವುದೇ ಆ ಎರರಿನ ಅರ್ಥ.

ಇದು ಸುಮ್ನೆ ಅಕ್ಷರ ಹುಡುಕಿದ್ದಲ್ಲ. ‘ಈ ಪದ ಎರರಿನ ಹೆಸರು’ ಅಂತ ಬರೆದವರು ಗುರುತು ಹಾಕಿದ ಜಾಗಗಳನ್ನು ಮಾತ್ರ ಅದು ನೋಡಿದೆ. ‘ಎಂಡಾಕ್’ ಅನ್ನುವ ಆ ಗುರುತು ಹಾಕುವ ಪದ್ಧತಿ ಶುರುವಾಗಿದ್ದು 1990ರ ಹೊತ್ತಿಗೆ. ಅದನ್ನು ಓದಿ ಉತ್ತರ ಕೊಡುವ ಹುಡುಕಾಟ ಓಪನ್‌ಬಿಎಸ್‌ಡಿ 5.6ರ ಜೊತೆ ಎಲ್ಲರ ಕೈಗೆ ಬಂದಿದ್ದು 2014ರಲ್ಲಿ. ನಡುವಿನ ಇಪ್ಪತ್ತಕ್ಕೂ ಜಾಸ್ತಿ ವರ್ಷ ಬರೆಯುವವರು ಗುರುತು ಹಾಕುತ್ತಲೇ ಇದ್ದರು, ಓದುವವರಿಗೆ ಅದು ಕಾಣುತ್ತಲೇ ಇರಲಿಲ್ಲ. ನನ್ನ ಪ್ರಕಾರ ಅರ್ಥ ಹೇಳುವ ಮಾರ್ಕಪ್ ಭಾಷೆಗಳ, ಅಂದರೆ ಬರಹಕ್ಕೆ ಹೀಗೆ ಗುರುತು ಹಾಕುವ ಭಾಷೆಗಳ, ಬಗ್ಗೆ ಇದಕ್ಕಿಂತ ಒಳ್ಳೆಯ ಪ್ರಕರಣ ಇನ್ನೊಂದಿಲ್ಲ. ಅದಕ್ಕೇ ಇದನ್ನು ಮೊದಲಿನಿಂದ ನೋಡೋಣ.

ಹಿನ್ನೆಲೆ

ಯುನಿಕ್ಸ್‌ನ ಮೊದಲ ಕೈಪಿಡಿ ಬಂದಿದ್ದು 1971ರ ನವೆಂಬರಿನಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ. ಬರೆದವರು ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ. ಒಂದು ಕಮಾಂಡಿಗೆ ಒಂದು ಪುಟ, ಹೆಸರು ಮೊದಲು, ಬಳಸುವ ರೀತಿ ಆಮೇಲೆ, ವಿವರಣೆ ಅದರ ಕೆಳಗೆ. ಆ ಅಚ್ಚು ಇವತ್ತಿಗೂ ಬದಲಾಗಿಲ್ಲ. ಪುಟ ಜೋಡಿಸಲು ‘ರಾಫ್’ ಅನ್ನುವ ಪ್ರೋಗ್ರಾಮ್ ಇತ್ತು. ಆಮೇಲೆ ಜೋ ಒಸಾನ್ನಾ ಅವರ ‘ಎನ್‌ರಾಫ್’, ‘ಟಿರಾಫ್’ ಬಂದವು. 1979ರ ಏಳನೇ ಆವೃತ್ತಿಯ ಯುನಿಕ್ಸ್ ಜೊತೆ ‘ಮ್ಯಾನ್’ ಅನ್ನುವ ಮ್ಯಾಕ್ರೊ ಕಂತೆ, ಅಂದರೆ ಪುಟ ಜೋಡಿಸುವ ಕಿರು ಆದೇಶಗಳ ಗುಂಪು, ಬಂತು.

ಮ್ಯಾನ್ ಮ್ಯಾಕ್ರೊಗಳಿಗೆ ತಲೆಬರಹ ಗೊತ್ತು, ಪ್ಯಾರಾ ಗೊತ್ತು. ಅದರ ಒಳಗೆ ಗೊತ್ತಿರುವುದು ಬರೀ ಅಕ್ಷರದ ರೂಪ: ಇದು ಬೋಲ್ಡ್, ಇದು ಇಟಾಲಿಕ್. ಟರ್ಮಿನಲ್‌ನಲ್ಲಿ ಇಟಾಲಿಕ್ ಬದಲು ಅಡಿಗೆರೆ. ಒಂದು ಪುಟದಲ್ಲಿ ಅಡಿಗೆರೆ ಬೀಳುವ ಪದಗಳನ್ನು ಗಮನಿಸಿ. ಫೈಲಿನ ಪಾತ್ (ಅದು ಇರುವ ಜಾಗ) ಇರಬಹುದು, ಬಳಕೆದಾರ ತುಂಬಬೇಕಾದ ಜಾಗ ಇರಬಹುದು, ವೇರಿಯೇಬಲ್ ಇರಬಹುದು, ಬರೆದವರು ಒತ್ತಿ ಹೇಳಿದ ಮಾತೂ ಇರಬಹುದು. ಕಣ್ಣಿಗೆ ಎಲ್ಲ ಒಂದೇ. ಓದುವ ಮನುಷ್ಯ ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತಾನೆ. ಪ್ರೋಗ್ರಾಮ್ ಏನು ಮಾಡಬೇಕು?

ಬರ್ಕ್ಲಿ ವಿಶ್ವವಿದ್ಯಾಲಯದ ಸಿಎಸ್‌ಆರ್‌ಜಿ ಅನ್ನುವ ಕಂಪ್ಯೂಟರ್ ಸಂಶೋಧನಾ ತಂಡ 1990ರ ಹೊತ್ತಿಗೆ, ಬೆಲ್ ಲ್ಯಾಬ್ಸ್‌ನ ಒಡೆತನದ ಕಂಪನಿಯಾದ ಎಟಿ&ಟಿಯ ಹಕ್ಕಿಲ್ಲದ ಯುನಿಕ್ಸ್ ಕಟ್ಟುತ್ತಿತ್ತು. ಕೋಡಿನ ಜೊತೆ ಕೈಪಿಡಿಯ ಪುಟಗಳನ್ನೂ ಹೊಸದಾಗಿ ಬರೆಯಬೇಕಿತ್ತು. ಆ ಕೆಲಸದ ಹೊತ್ತಿನಲ್ಲೇ ಸಿಂಥಿಯಾ ಲಿವಿಂಗ್‌ಸ್ಟನ್ ‘ಎಂಡಾಕ್’ ಅನ್ನುವ ಹೊಸ ಮ್ಯಾಕ್ರೊ ಕಂತೆ ಬರೆದರು. ಇದ್ದ ಪುಟಗಳನ್ನೇ ತಿದ್ದಿ ಮುಗಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಹೇಗೂ ಹೊಸದಾಗಿ ಬರೆಯಬೇಕು, ಬರೆಯುವ ಭಾಷೆಯನ್ನೇ ಸರಿಮಾಡೋಣ ಅಂತ ಹೊರಟರು. ಈ ಪ್ರಕರಣದಲ್ಲಿ ಎಲ್ಲಕ್ಕಿಂತ ದೊಡ್ಡ ತೀರ್ಮಾನ ಇದೇ ಅಂತ ನನಗನ್ನಿಸುತ್ತದೆ.

ಒಂದು ಸಾಲು ಹತ್ತಿರದಿಂದ

ಒಂದು ಕಮಾಂಡಿಗೆ ‘-ಎಫ್ ಫೈಲ್’ ಅನ್ನುವ ಆಯ್ಕೆ ಇದೆ ಅಂದುಕೊಳ್ಳಿ. ಕೊಟ್ಟರೂ ಸರಿ, ಬಿಟ್ಟರೂ ಸರಿ ಅನ್ನುವ ಆಯ್ಕೆ, ಹಾಗಾಗಿ ಚೌಕ ಆವರಣದೊಳಗೆ ಬರಬೇಕು. ಹಳೆಯ ಮ್ಯಾನ್ ಮ್ಯಾಕ್ರೊದಲ್ಲಿ ಬರೆಯುವವರು ಹೇಳುವುದು ಹೀಗೆ: ಆವರಣ ತೆರೆ, ಬೋಲ್ಡ್ ಶುರು ಮಾಡು, ಅಡ್ಡಗೆರೆ ಮತ್ತು ಎಫ್ ಹಾಕು, ಬೋಲ್ಡ್ ನಿಲ್ಲಿಸು, ಇಟಾಲಿಕ್ ಶುರು ಮಾಡು, ಫೈಲ್ ಅಂತ ಬರೆ, ಇಟಾಲಿಕ್ ನಿಲ್ಲಿಸು, ಆವರಣ ಮುಚ್ಚು.

ಎಂಡಾಕ್‌ನಲ್ಲಿ ಅದೇ ಸಾಲು:

.ಓಪಿ ಎಫ್‌ಎಲ್ ಎಫ್ ಎಆರ್ ಫೈಲ್

ಓಪಿ ಅಂದರೆ ಇದು ಐಚ್ಛಿಕ. ಎಫ್‌ಎಲ್ ಅಂದರೆ ಮುಂದಿನದು ಫ್ಲ್ಯಾಗ್ (ಆಯ್ಕೆಯ ಅಕ್ಷರ). ಎಆರ್ ಅಂದರೆ ಅದರ ಮುಂದಿನದು ಆರ್ಗ್ಯುಮೆಂಟ್ (ಬಳಕೆದಾರ ತುಂಬುವ ಮಾಹಿತಿ). ಬರೆಯುವವರು ಅಡ್ಡಗೆರೆಯನ್ನೇ ಟೈಪ್ ಮಾಡುವುದಿಲ್ಲ, ಆವರಣವನ್ನೂ ಹಾಕುವುದಿಲ್ಲ. ಇದು ಏನು ಅಂತಷ್ಟೇ ಹೇಳುತ್ತಾರೆ. ಹೇಗೆ ಕಾಣಬೇಕು ಅನ್ನುವುದು ಮ್ಯಾಕ್ರೊದ ಪಾಲು.

ಹೀಗೇ ಪಾತ್‌ಗೆ ‘ಪಿಎ’, ಎನ್ವಿರಾನ್ಮೆಂಟ್ ವೇರಿಯೇಬಲ್‌ಗೆ ‘ಇವಿ’, ಎರರಿಗೆ ‘ಇಆರ್’, ಫಂಕ್ಷನ್ನಿಗೆ ‘ಎಫ್‌ಎನ್’, ಇನ್ನೊಂದು ಪುಟವನ್ನು ನೋಡಿ ಅನ್ನಲು ‘ಎಕ್ಸ್‌ಆರ್’. ಎಲ್ಲ ಎರಡೆರಡೇ ಅಕ್ಷರ, ಯಾಕೆಂದರೆ ಹಳೆಯ ಟಿರಾಫ್‌ನಲ್ಲಿ ಮ್ಯಾಕ್ರೊ ಹೆಸರು ಎರಡು ಅಕ್ಷರ ಮೀರುವಂತಿರಲಿಲ್ಲ. ಮೊದಲ ಸಲ ನೋಡಿದಾಗ ಒಗಟಿನಂತೆ ಕಾಣುತ್ತದೆ ನಿಜ. ಆದರೆ ಈ ಪಟ್ಟಿಯಲ್ಲಿ ಇರುವುದೆಲ್ಲ ಪ್ರೋಗ್ರಾಮರ್‌ಗಳು ದಿನಾ ಬಾಯಲ್ಲಿ ಆಡುವ ವಸ್ತುಗಳೇ. ಫ್ಲ್ಯಾಗ್ ಯಾವುದು, ಪಾತ್ ಯಾವುದು ಅಂತ ಕೋಡ್ ಬರೆದವರಿಗೆ ಯಾರೂ ಹೇಳಿಕೊಡಬೇಕಿಲ್ಲ ಅಲ್ವಾ? ದಿನಬಳಕೆಗೆ ಬೇಕಾಗುವ ಮ್ಯಾಕ್ರೊಗಳು ಮೂವತ್ತು-ನಲವತ್ತು ಇರಬಹುದು, ಅಷ್ಟೇ.

ಕಾಣದ ಶ್ರಮ, ಕಾಣದ ತಪ್ಪು

ಬರ್ಕ್ಲಿಯ ಆ ಯುನಿಕ್ಸ್‌ಗೆ ಬಿಎಸ್‌ಡಿ ಅಂತ ಹೆಸರು. ಅದರಿಂದ ಹುಟ್ಟಿದ ನೆಟ್‌ಬಿಎಸ್‌ಡಿ, ಫ್ರೀಬಿಎಸ್‌ಡಿ, ಆಮೇಲೆ 1995ರಲ್ಲಿ ಥಿಯೊ ಡಿ ರಾಟ್ ಶುರು ಮಾಡಿದ ಓಪನ್‌ಬಿಎಸ್‌ಡಿ, ಮೂರೂ ಎಂಡಾಕ್ ಹಿಡಿದವು. ಲಿನಕ್ಸ್ ಕಡೆಯವರು ಹಳೆಯ ಮ್ಯಾನ್ ಮ್ಯಾಕ್ರೊದಲ್ಲೇ ಉಳಿದರು.

ಪುಟ ಜೋಡಿಸುವ ಪ್ರೋಗ್ರಾಮ್ ಎಲ್ಲ ಕಡೆ ಒಂದೇ: ‘ಗ್ರಾಫ್’. 1990ರಲ್ಲಿ ಅದನ್ನು ಬರೆದವರು ಜೇಮ್ಸ್ ಕ್ಲಾರ್ಕ್. ಮುಂದೆ ಎಕ್ಸ್‌ಎಂಎಲ್ ಅನ್ನುವ ಮಾರ್ಕಪ್ ಭಾಷೆ ರೂಪುಗೊಂಡಾಗ ಅದರ ತಾಂತ್ರಿಕ ಮುಂದಾಳು ಆಗಿದ್ದವರೂ ಅವರೇ. ಮಾರ್ಕಪ್ ಲೋಕದಲ್ಲಿ ಎರಡು ದಡದಲ್ಲೂ ಇಷ್ಟು ಗಟ್ಟಿ ಕೆಲಸ ಮಾಡಿದವರು ವಿರಳ.

ಗ್ರಾಫ್ ಕೆಲಸ ಮಾಡುವ ಬಗೆಯಲ್ಲೇ ಒಂದು ತೊಡಕಿತ್ತು. ಅದು ಮ್ಯಾಕ್ರೊವನ್ನು ಕಂಡ ಕೂಡಲೇ ಬಿಡಿಸಿಬಿಡುತ್ತದೆ. ಎಫ್‌ಎಲ್ ಬಂತು ಅಂದರೆ ‘ಬೋಲ್ಡ್ ಮಾಡು, ಅಡ್ಡಗೆರೆ ಹಾಕು’ ಅಂತ ಆಗುತ್ತದೆ. ಅಷ್ಟಾದ ಮೇಲೆ ಅದು ಫ್ಲ್ಯಾಗ್ ಆಗಿತ್ತು ಅನ್ನುವ ಸಂಗತಿ ಎಲ್ಲೂ ಉಳಿಯುವುದಿಲ್ಲ. ಪರದೆಗೆ ಬರುವ ಹೊತ್ತಿಗೆ ಎಂಡಾಕ್‌ನಲ್ಲಿ ಬರೆದ ಪುಟವೂ ಮ್ಯಾನ್ ಮ್ಯಾಕ್ರೊದಲ್ಲಿ ಬರೆದ ಪುಟವೂ ಒಂದೇ ಥರ ಕಾಣುತ್ತವೆ. ಅರ್ಥ ಮೂಲ ಫೈಲಿನಲ್ಲಿ ಇದೆ, ಓದುಗನಿಗೆ ತಲುಪಲಿಲ್ಲ.

ಇದರಿಂದ ಇನ್ನೂ ಒಂದು ಸಮಸ್ಯೆ ಆಯಿತು. ಎಆರ್ ಹಾಕಬೇಕಾದ ಕಡೆ ಪಿಎ ಹಾಕಿದರೂ ಬರುವುದು ಅದೇ ಅಡಿಗೆರೆ. ಒತ್ತು ಕೊಡುವ ‘ಇಎಂ’ ಹಾಕಿದರೂ ಅದೇ. ಪುಟ ತೆರೆದು ನೋಡಿದವರಿಗೆ ತಪ್ಪು ಗೊತ್ತಾಗುವ ದಾರಿಯೇ ಇಲ್ಲ. ಹಾಗಾಗಿ ಸರಿಯಾಗಿ ಬರೆದವರಿಗೆ ಸಿಕ್ಕ ಲಾಭ ಏನೂ ಇಲ್ಲ, ತಪ್ಪಾಗಿ ಬರೆದವರಿಗೆ ನಷ್ಟವೂ ಇಲ್ಲ. ಅರ್ಥ ಹೇಳುವ ಯಾವ ಮಾರ್ಕಪ್ ಭಾಷೆಗೂ ಇದಕ್ಕಿಂತ ಅಪಾಯದ ಸ್ಥಿತಿ ಇನ್ನೊಂದಿಲ್ಲ. ಹೆಚ್ಚಿನ ಕಡೆ ಇಂಥ ಶಿಸ್ತು ಕೆಲವು ವರ್ಷಗಳಲ್ಲೇ ಸವೆದು ಹೋಗುತ್ತದೆ. ಬಿಎಸ್‌ಡಿಗಳಲ್ಲಿ ಸವೆಯದೆ ಉಳಿದಿದ್ದು ಹೇಗೆ? ಪುಟಗಳು ಚಿಕ್ಕವು. ಕೋಡ್ ಇರುವ ಫೋಲ್ಡರುಗಳಲ್ಲೇ ಪುಟವೂ ಇತ್ತು. ಕೋಡ್ ಬದಲಿಸಿದವರು ಪುಟವನ್ನೂ ತಿದ್ದಬೇಕು ಅನ್ನುವ ಕಟ್ಟುನಿಟ್ಟು, ಅದರಲ್ಲೂ ಓಪನ್‌ಬಿಎಸ್‌ಡಿಯಲ್ಲಿ, ತುಂಬ ಜೋರಾಗಿತ್ತು. ಮೂಲ ಫೈಲನ್ನೇ ಓದಿ ಸರಿ-ತಪ್ಪು ಹೇಳುವ ಜನ ಇದ್ದರು. ಗ್ರಾಫ್ 1.17ರ ಹೊತ್ತಿಗೆ ವರ್ನರ್ ಲೆಂಬರ್ಗ್, ರುಸ್ಲಾನ್ ಎರ್ಮಿಲೊವ್ ಎಂಡಾಕ್ ಕಂತೆಯನ್ನೂ ಚೆನ್ನಾಗಿ ತಿದ್ದಿಕೊಟ್ಟರು.

ತಿರುವು

2008ರ ಕೊನೆಗೆ ಕ್ರಿಸ್ಟಾಪ್ಸ್ ಜೋನ್ಸನ್ಸ್ ‘ಮ್ಯಾನ್‌ಡಾಕ್’ ಅನ್ನುವ ಪ್ರೋಗ್ರಾಮ್ ಬರೆಯಲು ಕೂತರು. ಗ್ರಾಫ್‌ನ ಹಾಗೆ ಎಲ್ಲ ಬಗೆಯ ದಾಖಲೆ ಜೋಡಿಸುವ ಆಸೆ ಅದಕ್ಕಿರಲಿಲ್ಲ. ಮ್ಯಾನ್ ಪುಟ, ಅಂದರೆ ಕೈಪಿಡಿಯ ಪುಟ, ಓದಬೇಕು, ಅಷ್ಟೇ. ಸಿ ಭಾಷೆಯಲ್ಲಿ ಬರೆದದ್ದು, ಬಿಎಸ್‌ಡಿಯವರಿಗೆ ಒಪ್ಪುವ ಐಎಸ್‌ಸಿ ಲೈಸೆನ್ಸು. ಓಪನ್‌ಬಿಎಸ್‌ಡಿಯಲ್ಲಿ ಆಗ ಇದ್ದ ಗ್ರಾಫ್ ಹಳೆಯದಾಗಿತ್ತು, ಸಿ++ನಲ್ಲಿತ್ತು, ಷರತ್ತು ಹೆಚ್ಚಿರುವ ಜಿಪಿಎಲ್ ಲೈಸೆನ್ಸಿನ ಅಡಿಯಲ್ಲಿತ್ತು. ಮೂರೂ ಅವರಿಗೆ ಇಷ್ಟವಿಲ್ಲದ ಸಂಗತಿಗಳೇ.

2009ರಲ್ಲಿ ಓಪನ್‌ಬಿಎಸ್‌ಡಿಯೊಳಗೆ ಮ್ಯಾನ್‌ಡಾಕ್ ಬಂತು. 2010ರಲ್ಲಿ ಗ್ರಾಫ್ ಮೂಲ ಸಿಸ್ಟಂನಿಂದ ಹೊರಗೆ ಹೋಯಿತು. ಈ ದಾಟುವಿಕೆಯನ್ನು ಮುಂದೆ ನಿಂತು ನಡೆಸಿದವರಲ್ಲಿ ಇಂಗೊ ಶ್ವಾರ್ಟ್ಸೆ ಮುಖ್ಯರು, ಆಮೇಲಿನ ವರ್ಷಗಳಲ್ಲಿ ಮ್ಯಾನ್‌ಡಾಕ್‌ನ ಹೊರೆ ಹೊತ್ತವರೂ ಅವರೇ. ಎಲ್ಲ ಒಂದೇ ದಿನ ಆಗಲಿಲ್ಲ. ಹೊರಗಿನ ಸಾಫ್ಟ್‌ವೇರ್‌ಗಳ ಕೆಲವು ಪುಟಗಳಲ್ಲಿ ರಾಫ್‌ನ ಆಳದ ತಂತ್ರಗಳು ಇದ್ದವು, ಅವು ಹೊಸ ಪ್ರೋಗ್ರಾಮಿಗೆ ಅರ್ಥವಾಗುತ್ತಿರಲಿಲ್ಲ. ಅಂಥ ಪ್ಯಾಕೇಜ್‌ಗಳಿಗೆ ‘ಇದಕ್ಕೆ ಗ್ರಾಫ್ ಬೇಕು’ ಅಂತ ಒಂದು ಗುರುತು ಹಾಕಿ, ಕಟ್ಟುವಾಗಲೇ ಪುಟ ಜೋಡಿಸಿ ಇಟ್ಟರು. ಮ್ಯಾನ್‌ಡಾಕ್ ಬಲಿತ ಹಾಗೆ ಆ ಗುರುತುಗಳನ್ನು ತೆಗೆಯುತ್ತಾ ಬಂದರು. ಹಳೆಯದನ್ನು ಪೂರ್ತಿ ಕಿತ್ತುಹಾಕುವ ಮೊದಲು, ಎಲ್ಲಿ ಇನ್ನೂ ಬೇಕು ಅಂತ ಒಂದೊಂದಾಗಿ ಗುರುತಿಸಿದ ಈ ಕ್ರಮ ನನಗೆ ತುಂಬ ಹಿಡಿಸಿತು.

ತಾಂತ್ರಿಕವಾಗಿ ಆದ ಬದಲಾವಣೆ ಇದು: ಮ್ಯಾನ್‌ಡಾಕ್ ಮ್ಯಾಕ್ರೊವನ್ನು ಬಿಡಿಸಿ ಎಸೆಯುವುದಿಲ್ಲ. ಇಡೀ ಪುಟವನ್ನು ಓದಿ ಒಂದು ಮರ ಕಟ್ಟುತ್ತದೆ. ವಿಭಾಗದ ಕೆಳಗೆ ಪಟ್ಟಿ, ಪಟ್ಟಿಯ ಕೆಳಗೆ ಒಂದೊಂದು ಅಂಶ, ಅದರೊಳಗೆ ಫ್ಲ್ಯಾಗ್, ಅದರ ಪಕ್ಕ ಆರ್ಗ್ಯುಮೆಂಟ್. ಟರ್ಮಿನಲ್‌ಗೆ ಬೇಕಾದ ಸಾಲು, ಎಚ್‌ಟಿಎಂಎಲ್, ಪಿಡಿಎಫ್ ಎಲ್ಲ ಆ ಮರದಿಂದ ಹೊರಡುತ್ತವೆ. ಎಫ್‌ಎಲ್ ಕೊನೆಯವರೆಗೂ ಎಫ್‌ಎಲ್ ಆಗಿಯೇ ಇರುತ್ತದೆ.

ಮರ ಕೈಗೆ ಬಂದ ಮೇಲೆ ಹುಡುಕಾಟ ದೂರ ಇರಲಿಲ್ಲ. ಮೂಲ ಅಪ್ರೋಪೋ ಬರೆದದ್ದು ಬಿಲ್ ಜಾಯ್, 1979ರ ಫೆಬ್ರವರಿಯಲ್ಲಿ. ಅದು ನೋಡುತ್ತಿದ್ದದ್ದು ಪುಟದ ಹೆಸರು ಮತ್ತು ಒಂದು ಸಾಲಿನ ವಿವರಣೆ ಮಾತ್ರ. ಜೋನ್ಸನ್ಸ್ ಮತ್ತು ಶ್ವಾರ್ಟ್ಸೆ ಅದನ್ನು ಮೊದಲಿನಿಂದ ಹೊಸದಾಗಿ ಬರೆದರು. ಹೊಸದು ಪ್ರತಿ ಪುಟದ ಮರವನ್ನು ನಡೆದು, ಯಾವ ಮ್ಯಾಕ್ರೊ ಒಳಗೆ ಯಾವ ಪದ ಇದೆ ಅಂತ ಡೇಟಾಬೇಸಿನಲ್ಲಿ ಬರೆದಿಡುತ್ತದೆ. ಮೊದಲು ಎಸ್‌ಕ್ಯೂಲೈಟ್ ಬಳಸಿದರು, 2016ರಲ್ಲಿ ಅದನ್ನೂ ಬಿಟ್ಟು ತಮ್ಮದೇ ಪುಟ್ಟ ಫೈಲ್ ರೂಪ ಮಾಡಿಕೊಂಡರು.

ಈಗ ಯಾವ ಯಾವ ಕಮಾಂಡು ಒಂದು ಎನ್ವಿರಾನ್ಮೆಂಟ್ ವೇರಿಯೇಬಲ್ ಓದುತ್ತದೆ ಅಂತ ಕೇಳಬಹುದು. ಒಂದು ಫಂಕ್ಷನ್ನಿನ ಪುಟಕ್ಕೆ ಯಾವ ಪುಟಗಳು ಕೊಂಡಿ ಕೊಟ್ಟಿವೆ ಅಂತ ಕೇಳಬಹುದು. ಪುಟ ತೆರೆದಿರುವಾಗ ‘:ಟಿ’ ಒತ್ತಿ ಒಂದು ಪದ ಕೊಟ್ಟರೆ ಅದು ಬಂದ ಮೊದಲ ಜಾಗಕ್ಕೆ ಹೋಗುವುದಿಲ್ಲ, ಅದನ್ನು ವಿವರಿಸಿದ ಜಾಗಕ್ಕೆ ಹೋಗುತ್ತದೆ. ಕಮಾಂಡ್ ಓಡಿಸುವ ಶೆಲ್‌ನ ಉದ್ದನೆಯ ಪುಟದಲ್ಲಿ ಒಂದು ಒಳಕಮಾಂಡಿನ ವಿವರಣೆ ಹುಡುಕಿ ಸೋತವರಿಗೆ ಇದರ ಬೆಲೆ ಗೊತ್ತು.

ಗುರುತು ಮುಖ್ಯವಾದ ಮೇಲೆ

ಹುಡುಕಾಟ ಬಂದ ಮೇಲೆ ಆದ ಮುಖ್ಯ ಬದಲಾವಣೆ ಓದುವವರ ಕಡೆಯದ್ದಲ್ಲ, ಬರೆಯುವವರ ಕಡೆಯದ್ದು. ಪಿಎ ಬದಲು ಎಆರ್ ಹಾಕಿದರೆ ಈಗ ಪುಟ ಹುಡುಕಾಟಕ್ಕೆ ಸಿಗುವುದಿಲ್ಲ. ಕಾಣದ ತಪ್ಪು ಕಾಣುವ ತಪ್ಪಾಯಿತು. ಜೊತೆಗೆ ಮ್ಯಾನ್‌ಡಾಕ್‌ನಲ್ಲೇ ಪುಟ ಪರೀಕ್ಷಿಸುವ ‘ಲಿಂಟ್’ ಇದೆ. ವಿಭಾಗಗಳ ಕ್ರಮ ತಪ್ಪಿದರೆ, ತಾರೀಖು ಇಲ್ಲದಿದ್ದರೆ, ಪುಟ ತನಗೆ ತಾನೇ ಕೊಂಡಿ ಕೊಟ್ಟುಕೊಂಡಿದ್ದರೆ, ಇಲ್ಲದ ಪುಟಕ್ಕೆ ಎಕ್ಸ್‌ಆರ್ ಇದ್ದರೆ ಅದು ಹೇಳುತ್ತದೆ. ಆ ಪದ ಬರೀ ಬೋಲ್ಡ್ ಆಗಿದ್ದರೆ ಈ ತಪಾಸಣೆ ಸಾಧ್ಯವೇ ಇರಲಿಲ್ಲ.

ಅರ್ಥವನ್ನು ಆಮೇಲೆ ಸೇರಿಸುವುದು ಎಷ್ಟು ಕಷ್ಟ ಅನ್ನುವುದಕ್ಕೂ ಇದೇ ತಂಡದ ಒಂದು ಅನುಭವ ಇದೆ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಅನ್ನುವ ಭದ್ರತಾ ದೋಷ ಹೊರಬಿದ್ದ ಮೇಲೆ ಓಪನ್‌ಬಿಎಸ್‌ಡಿಯವರು, ಆ ದೋಷ ಇದ್ದ ಎನ್‌ಕ್ರಿಪ್ಷನ್ ಸಾಫ್ಟ್‌ವೇರ್ ಓಪನ್‌ಎಸ್‌ಎಸ್‌ಎಲ್‌ನಿಂದ ಕವಲೊಡೆದು ಲಿಬ್ರೆಎಸ್‌ಎಸ್‌ಎಲ್ ಶುರು ಮಾಡಿದರು. ಅದರ ಕೈಪಿಡಿ ಇದ್ದದ್ದು ಪರ್ಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಜೊತೆ ಬರುವ ‘ಪಾಡ್’ ಮಾರ್ಕಪ್‌ನಲ್ಲಿ. ಬರೆಯಲು ಹಗುರ, ಆದರೆ ಹೆಚ್ಚಾಗಿ ಬೋಲ್ಡ್, ಇಟಾಲಿಕ್ ಅನ್ನುವಷ್ಟೇ ಹೇಳುತ್ತದೆ. ಅದನ್ನು ಎಂಡಾಕ್‌ಗೆ ಬದಲಿಸುವ ಪ್ರೋಗ್ರಾಮನ್ನೂ ಬರೆದರು. ಬೋಲ್ಡ್ ಆದ ಪದ ಸಿಕ್ಕಾಗ ಅದು ಫಂಕ್ಷನ್ ಹೆಸರಾ, ಸ್ಥಿರಾಂಕವಾ, ಆರ್ಗ್ಯುಮೆಂಟಾ? ಪ್ರೋಗ್ರಾಮ್ ಎಷ್ಟೇ ಜಾಣ ಆದರೂ ಊಹೆ ಮಾಡಬೇಕು. ಊಹೆ ತಪ್ಪಿದ ಕಡೆ ಮನುಷ್ಯರೇ ಕೂತು ಪುಟ ಪುಟ ಓದಿ ತಿದ್ದಬೇಕು, ತಿದ್ದಿದರು ಕೂಡ. ಎಂಡಾಕ್‌ನಿಂದ ಪಾಡ್ ಕಡೆಗೋ ಅದರಂತೆಯೇ ಹಗುರವಾದ ಮಾರ್ಕ್‌ಡೌನ್ ಕಡೆಗೋ ಇಳಿಯುವುದು ಯಂತ್ರದ ಕೆಲಸ. ಮ್ಯಾನ್‌ಡಾಕ್‌ಗೆ ಮಾರ್ಕ್‌ಡೌನ್ ಔಟ್‌ಪುಟ್ ಕೊಡಲೂ ಬರುತ್ತದೆ. ಮೇಲಕ್ಕೆ ಹತ್ತುವುದು ಮಾತ್ರ ಮನುಷ್ಯರ ಕೆಲಸ.

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ತಾಂತ್ರಿಕ ಬರವಣಿಗೆ ಮಾಡುವವರಿಗೆ ಇದು ಹೊಸದಲ್ಲ. ಅವರಲ್ಲಿ ಎಷ್ಟೋ ಜನ ಐಬಿಎಂನಲ್ಲಿ ಹುಟ್ಟಿ 2005ರಲ್ಲಿ ಓಯಾಸಿಸ್ ಸಂಸ್ಥೆಯ ಮಾನದಂಡವಾದ ‘ಡಿಟಾ’ ಅನ್ನುವ ಮಾರ್ಕಪ್ ಭಾಷೆಯಲ್ಲಿ ಕೆಲಸ ಮಾಡುತ್ತಾರೆ. ಅದರಲ್ಲೂ ಕಮಾಂಡಿನ ಹೆಸರು, ಫೈಲ್ ಪಾತ್, ಆಯ್ಕೆ, ವೇರಿಯೇಬಲ್ ಎಲ್ಲಕ್ಕೂ ಬೇರೆ ಬೇರೆ ಟ್ಯಾಗ್ ಇವೆ. ಆ ಟ್ಯಾಗ್‌ಗಳನ್ನು ನಿಮ್ಮ ಸೈಟಿನ ಹುಡುಕಾಟ ನಿಜಕ್ಕೂ ಓದುತ್ತಿದೆಯಾ ಅಂತ ಒಮ್ಮೆ ಕೇಳಿ ನೋಡಿ. ಓದುತ್ತಿಲ್ಲ ಅಂದರೆ ನಿಮ್ಮ ತಂಡ 2008ಕ್ಕೆ ಮುಂಚಿನ ಎಂಡಾಕ್ ಸ್ಥಿತಿಯಲ್ಲಿದೆ. ಕೆಲಸ ಹಾಳಾಗಿಲ್ಲ, ಫಲ ಇನ್ನೂ ಕೈಗೆ ಬಂದಿಲ್ಲ.

ಎಂಡಾಕ್‌ನ ಮಿತಿ

ಹೊಗಳಿಕೆ ಇಷ್ಟಾದ ಮೇಲೆ ಕೊರತೆಯನ್ನೂ ಹೇಳಬೇಕು. ಎಂಡಾಕ್ ಮ್ಯಾನ್ ಪುಟಕ್ಕೆ ಮಾತ್ರ. ಚಿತ್ರ ಇರುವ, ಹತ್ತಾರು ಅಧ್ಯಾಯದ ಪುಸ್ತಕ ಬರೆಯಲು ಅದು ಒದಗುವುದಿಲ್ಲ. ಕೆಲವು ಮ್ಯಾಕ್ರೊಗಳ ನಡುವಿನ ಗಡಿ ಮಸುಕು. ‘ಸಿಎಂ’ (ಕಮಾಂಡಿಗೆ ಕೊಡುವ ನಿಗದಿತ ಪದ) ಹಾಕಬೇಕಾ ‘ಐಸಿ’ (ಒಳಕಮಾಂಡು) ಹಾಕಬೇಕಾ ಅಂತ ಅನುಭವಿಗಳೂ ಚರ್ಚೆ ಮಾಡುತ್ತಾರೆ. ಮಾರ್ಕ್‌ಡೌನ್‌ನಲ್ಲಿ ಬರೆದು ಅಭ್ಯಾಸ ಇರುವ ಹೊಸಬರಿಗೆ ಮೊದಲ ಪುಟ ಬರೆಯುವುದು ಕಷ್ಟವೇ.

ಲಿನಕ್ಸ್ ಕಡೆ ಕಥೆ ಬೇರೆ. ಅಲ್ಲಿನ ಮುಖ್ಯ ಮ್ಯಾನ್ ಪುಟಗಳು ಇಂದಿಗೂ ಹಳೆಯ ಮ್ಯಾನ್ ಮ್ಯಾಕ್ರೊದಲ್ಲಿವೆ. ಇನ್ನೊಂದು ಪುಟಕ್ಕೆ ಕೊಂಡಿ ಹಾಕಲು ಗ್ರಾಫ್‌ನ ಮ್ಯಾನ್ ಕಂತೆಗೆ ‘ಎಂಆರ್’ ಅನ್ನುವ ಮ್ಯಾಕ್ರೊ ಸೇರಿದ್ದು 2023ರ 1.23 ಆವೃತ್ತಿಯಲ್ಲಿ. ಎಂಡಾಕ್‌ನಲ್ಲಿ ಎಕ್ಸ್‌ಆರ್ ಆಗಲೇ ಮೂವತ್ತು ವರ್ಷ ಹಳೆಯದು. ತಡವಾಯಿತು, ಆದರೂ ಬಂದಿದ್ದು ಒಳ್ಳೆಯದೇ. ಮ್ಯಾನ್‌ಡಾಕ್ ಬಿಎಸ್‌ಡಿಯ ಆಚೆಗೂ ಹೋಗಿದೆ. ಆಲ್ಪೈನ್ ಮತ್ತು ವಾಯ್ಡ್ ಲಿನಕ್ಸ್‌ಗಳು ಅದನ್ನು ಬಳಸುತ್ತವೆ. 2022ರ ಮ್ಯಾಕ್‌ಓಎಸ್ 13ರಿಂದ ಆಪಲ್ ಕಂಪ್ಯೂಟರುಗಳಲ್ಲೂ ಮ್ಯಾನ್ ಪುಟ ಜೋಡಿಸುವುದು ಅದೇ.

ಒಂದೇ ಮನೆಯಲ್ಲಿ ಎರಡು ತೀರ್ಮಾನ

ಫ್ರೀಬಿಎಸ್‌ಡಿಯಲ್ಲಿ ನಡೆದದ್ದನ್ನು ಇದರ ಪಕ್ಕ ಇಟ್ಟು ನೋಡಬೇಕು. ಅವರ ದೊಡ್ಡ ಕೈಪಿಡಿ, ಹ್ಯಾಂಡ್‌ಬುಕ್, ಬಹಳ ವರ್ಷ ‘ಡಾಕ್‌ಬುಕ್’ನಲ್ಲಿತ್ತು. ಡಾಕ್‌ಬುಕ್ 1990ರ ದಶಕದ ಶುರುವಿನಲ್ಲಿ ಹುಟ್ಟಿದ್ದು. ಅದೂ ಅರ್ಥ ಹೇಳುವ ಭಾಷೆಯೇ, ಎಂಡಾಕ್‌ಗಿಂತ ಬಹಳ ವಿವರವಾಗಿ ಹೇಳುತ್ತದೆ. ನೂರಾರು ಟ್ಯಾಗ್. 2021ರ ಜನವರಿಯಲ್ಲಿ ಫ್ರೀಬಿಎಸ್‌ಡಿ ಅದನ್ನು ಬಿಟ್ಟು ‘ಆಸ್ಕಿಡಾಕ್’ ಅನ್ನುವ ಹಗುರ ಮಾರ್ಕಪ್‌ಗೆ ಹೋಯಿತು, ಸೈಟ್ ಕಟ್ಟಲು ‘ಹ್ಯೂಗೊ’ ತಂದಿತು. ಟ್ಯಾಗ್ ಕಲಿಯುವ ಕಷ್ಟ, ಕಟ್ಟುವ ಸಲಕರಣೆಗಳ ಭಾರ, ಹೊಸಬರಿಗೆ ಒಳಗೆ ಬರಲು ತೊಡಕು, ಇವೆಲ್ಲ ಸೇರಿದ್ದವು. ಮ್ಯಾನ್ ಪುಟಗಳನ್ನು ಮಾತ್ರ ಎಂಡಾಕ್‌ನಲ್ಲೇ ಉಳಿಸಿಕೊಂಡರು.

ಒಂದು ಅರ್ಥದ ಭಾಷೆ ಹೋಯಿತು, ಇನ್ನೊಂದು ಉಳಿಯಿತು. ಹ್ಯಾಂಡ್‌ಬುಕ್ ಅಂದರೆ ಕೂತು ಓದುವ ಗದ್ಯ. ಅಲ್ಲಿ ಒಂದು ಪದ ಫೈಲ್ ಹೆಸರು ಅಂತ ಗುರುತು ಹಾಕಿದರೆ ಓದುಗನಿಗೆ ಸಿಗುವುದು ಬೇರೆ ಅಕ್ಷರರೂಪ, ಅಷ್ಟೇ. ಅಷ್ಟಕ್ಕೆ ಆಸ್ಕಿಡಾಕ್‌ನ ಎರಡು ಚಿಹ್ನೆ ಸಾಕು. ಮ್ಯಾನ್ ಪುಟ ಅಂದರೆ ಹುಡುಕಿ ನೋಡುವ ಪಟ್ಟಿ. ಅಲ್ಲಿ ಅದೇ ಗುರುತು ಡೇಟಾಬೇಸಿನ ಒಂದು ಸಾಲಾಗುತ್ತದೆ. ಎರಡೂ ತೀರ್ಮಾನ ಸರಿ ಅಂತಲೇ ನನ್ನ ಅಭಿಪ್ರಾಯ. ಹ್ಯಾಂಡ್‌ಬುಕ್ಕಿನ ಟ್ಯಾಗ್‌ಗಳನ್ನು ಓದಿ ಹುಡುಕುವ ಒಂದು ಪ್ರೋಗ್ರಾಮ್ ಸಮಯಕ್ಕೆ ಬಂದಿದ್ದರೆ ಡಾಕ್‌ಬುಕ್ ಪರ ವಾದ ಮಾಡಲು ಏನಾದರೂ ಇರುತ್ತಿತ್ತು. ಈಗ ಫ್ರೀಬಿಎಸ್‌ಡಿಯ ದಾಖಲೆ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಕೊಡುವ ಮಾರ್ಗದರ್ಶಿಯಲ್ಲಿ ಆಸ್ಕಿಡಾಕ್‌ಗೆ ಒಂದು ಅಧ್ಯಾಯ, ಮ್ಯಾನ್ ಪುಟಗಳಿಗೆ ಬೇರೆಯೇ ಒಂದು ಅಧ್ಯಾಯ ಇದೆ.